ಮುನ್ನೂರು ಎಲೆಗಳ ರಾಜ್ಯ: ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪಿನಾಟ

ಮೈಸೂರಿನ ಜಗನ್ಮೋಹನ ಅರಮನೆಯೆಂದೊಡನೆ ಬಹುಪಾಲು ಜನರ ಕಣ್ಣಮುಂದೆ ನಿಲ್ಲುವುದು ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರ. ಹಲದಣಕರ ಅವರ ಆ ಜಲವರ್ಣಚಿತ್ರದ ಖ್ಯಾತಿ ಅಷ್ಟಿದೆ. ಅದೇ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಬರೆಸಿರುವ ಆಟದ ಮನೆಗಳನ್ನು ನಿಂತು ನೋಡಿದವರು ಕಡಿಮೆ. ಚೌಕ, ವೃತ್ತ, ಕಮಲದ ಎಸಳುಗಳ ಆಕಾರದ ಆ ಮನೆಗಳು ಮೇಲ್ನೋಟಕ್ಕೆ ಬರಿಯ ಅಲಂಕಾರದಂತೆ ತೋರುತ್ತವೆ. ಆದರೆ ಅವು ಆಡುವುದಕ್ಕೆಂದೇ ರಚಿಸಿದ ಆಟಗಳು. 1861ರಲ್ಲಿ ಈ ಅರಮನೆಯನ್ನು ಕಟ್ಟಿಸಿದ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರು ಆ ವೇಳೆಗೆ ಮೂವತ್ತು ವರ್ಷಗಳಿಂದ ಆಳದ ಅರಸರಾಗಿದ್ದರು.

ಇಂದು ಮಕ್ಕಳ ಗಮನಶಕ್ತಿ ಹೆಚ್ಚಿಸಲೆಂದು ಶಾಲೆಗಳಲ್ಲಿ ಜೋಡಿಕಾರ್ಡುಗಳ ಆಟ ಆಡಿಸುವುದುಂಟು. ಬೋರಲು ಹಾಕಿದ ಚೀಟಿಗಳನ್ನು ಎರಡೆರಡಾಗಿ ತಿರುವಿ, ಒಂದೇ ಚಿತ್ರದ ಜೋಡಿಯನ್ನು ಹುಡುಕುವ ಆಟವದು. ವಯಸ್ಸಾದವರ ನೆನಪು ಮಸುಕಾಗದಿರಲೆಂದು ಮೊಬೈಲಿನಲ್ಲಿಯೂ ಅಂಥದೇ ಆಟಗಳು ಬಂದಿವೆ. ಜರ್ಮನಿಯ ರಾವೆನ್ಸ್‌ಬರ್ಗರ್ ಸಂಸ್ಥೆ 1959ರಲ್ಲಿ ಮಾರುಕಟ್ಟೆಗೆ ತಂದ ಆಟವೊಂದು ಇದನ್ನು ಜಗತ್ತಿನ ಮನೆಮಾತಾಗಿಸಿತು. ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಕನ್ನಡ ನಾಡಿನ ಅರಸರೊಬ್ಬರು ಎಲೆಗಳ ಆಟವನ್ನು ನೆನಪಿನ ಗರಡಿಯನ್ನಾಗಿ ಮಾಡಿಕೊಂಡಿದ್ದರು. ಅವರ ಗರಡಿಯ ಎಲೆಗಳು ಹತ್ತಿಪ್ಪತ್ತಲ್ಲ. ಕೆಲವು ಆಟಗಳಿಗೆ ಮುನ್ನೂರಕ್ಕೂ ಮೇಲ್ಪಟ್ಟ ಎಲೆಗಳು ಬೇಕಿದ್ದವು.

ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಅದು ಟಿಪ್ಪು ಸುಲ್ತಾನನ ಆಳ್ವಿಕೆಯ ಕಾಲ. ಒಡೆಯರ ಮನೆತನ ಹೆಸರಿಗೆ ರಾಜಮನೆತನವಾಗಿದ್ದರೂ ಅಧಿಕಾರದಿಂದ ದೂರವಾಗಿ ದಶಕಗಳೇ ಕಳೆದಿದ್ದವು. ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡಾಗ ಮಗುವಿಗೆ ಇನ್ನೂ ಎರಡು ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಗಿ ಟಿಪ್ಪು ಮಡಿದ. ಎರಡು ತಿಂಗಳು ಕಳೆಯುವುದರೊಳಗೆ, ಜೂನ್ 30ರಂದು, ಐದು ವರ್ಷ ತುಂಬುತ್ತಿದ್ದ ಬಾಲಕನನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಲಾಯಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಪೋಷಕರಾಗಿ ನಿಂತರು. ದಿವಾನರಾದ ಪೂರ್ಣಯ್ಯನವರು ಆಡಳಿತ ನಡೆಸಿದರು. ಪ್ರತಿಯಾಗಿ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಕಂಪನಿಗೆ ಸಲ್ಲಿಸಬೇಕೆಂದು ಕರಾರಾಯಿತು. ಆ ಕರಾರಿನ ಭಾರ ಮುಂದೆ ಆತನ ಇಡೀ ಬದುಕನ್ನು ಬಾಗಿಸಿತು.

ಹದಿಹರೆಯದಲ್ಲೇ ಅಧಿಕಾರ ಕೈಗೆ ಬಂದಿತು. ಅರಸರು ದಾನಿಗಳು, ರಸಿಕರು, ದೈವಭಕ್ತರು. ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಚಾಮುಂಡಿ ಬೆಟ್ಟದ ಗೋಪುರವನ್ನು 1827ರಲ್ಲಿ ನವೀಕರಿಸಿದರು. ವಿದ್ವಾಂಸರಿಗೆ, ಸಂಗೀತಗಾರರಿಗೆ ಅರಮನೆಯ ಬಾಗಿಲು ತೆರೆದಿತ್ತು. ಖಜಾನೆಯ ಬಾಗಿಲೂ ಅಷ್ಟೇ ಅಗಲವಾಗಿ ತೆರೆದಿತ್ತೆನ್ನಬೇಕು. ಸಾಲ ಬೆಳೆಯಿತು, ಕಂದಾಯದ ಗುತ್ತಿಗೆದಾರರ ಹಾವಳಿ ಹೆಚ್ಚಿತು, ರೈತರು ಸಿಡಿದೆದ್ದರು. 1830ರಲ್ಲಿ ಆರಂಭವಾದ ನಗರದ ದಂಗೆ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್‌ಗೆ ನೆಪವಾಯಿತು. ಬರಿಯ ನೆಪವೆನ್ನುವುದೂ ಪೂರ್ತಿ ನ್ಯಾಯವಲ್ಲ. ಆಡಳಿತದಲ್ಲಿ ದೋಷಗಳಿದ್ದುದು ನಿಜ. ಆದರೆ ಆ ದೋಷಕ್ಕೆ ವಿಧಿಸಿದ ಶಿಕ್ಷೆ ಅಳತೆ ಮೀರಿದ್ದು. 1831ರ ಅಕ್ಟೋಬರಿನಲ್ಲಿ ರಾಜ್ಯದ ಆಡಳಿತವನ್ನೇ ಕಂಪನಿ ವಹಿಸಿಕೊಂಡಿತು. ಅರಸರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ವರಹ, ನಿವ್ವಳ ಆದಾಯದ ಐದನೆಯ ಒಂದು ಪಾಲು, ಮತ್ತು ಅರಮನೆ. ಆಗ ವಯಸ್ಸು ಮೂವತ್ತೇಳು. ಮುಂದೆ ಬದುಕಿದ್ದು ಇನ್ನೂ ಮೂವತ್ತಾರು ವರ್ಷಕ್ಕೂ ಹೆಚ್ಚು.

1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರನಾಗಿ ಬೆಂಗಳೂರಿನಿಂದ ರಾಜ್ಯವನ್ನಾಳಿದ. ಕಾಗದಪತ್ರಗಳು, ಕಂದಾಯ, ಪೊಲೀಸು, ರಸ್ತೆ ಎಲ್ಲವೂ ಅವನ ಕಚೇರಿಗೆ ಸೇರಿದವು. ಮೈಸೂರಿನ ಅರಮನೆಯಲ್ಲಿ ದರ್ಬಾರು ನಡೆಯುತ್ತಿತ್ತು, ದಸರೆ ನಡೆಯುತ್ತಿತ್ತು, ಆದರೆ ನಿರ್ಧರಿಸಬೇಕಾದ ವಿಷಯವೊಂದೂ ಇರಲಿಲ್ಲ. ಈ ಶೂನ್ಯದಲ್ಲಿ ಕೃಷ್ಣರಾಜರು ಮಾಡಿದ ಕೆಲಸ ಅಚ್ಚರಿ ಹುಟ್ಟಿಸುತ್ತದೆ. 1833ರಲ್ಲಿ ತಮ್ಮ ಖರ್ಚಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆಸಿದರು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಅದೇ ಶಾಲೆ. ಮಹಾಭಾರತವನ್ನು ಕನ್ನಡ ಗದ್ಯಕ್ಕೆ ತರುವ ಕೃಷ್ಣರಾಜ ವಾಣೀವಿಲಾಸ, ಸೌಗಂಧಿಕಾ ಪರಿಣಯ ಮೊದಲಾದ ಅನೇಕ ಕೃತಿಗಳು ಅವರ ಹೆಸರಿನಲ್ಲಿ ಹೊರಬಂದವು. ಅಷ್ಟೂ ಕೃತಿಗಳನ್ನು ಅರಸರೇ ಕುಳಿತು ಬರೆದರೆಂದು ಯಾರೂ ವಾದಿಸಲಾರರು. ಆಸ್ಥಾನದ ಪಂಡಿತರ ಕೈ ಅದರಲ್ಲಿ ದೊಡ್ಡದಿದೆ. ಆದರೂ ಅವುಗಳ ಹಿಂದಿನ ಕುತೂಹಲ, ಎಲ್ಲವನ್ನೂ ಎಣಿಸಿ, ವಿಂಗಡಿಸಿ, ಚಿತ್ರಿಸಿ ಇಡಬೇಕೆಂಬ ತವಕ ಒಬ್ಬನೇ ಮನುಷ್ಯನದು ಎಂಬುದು ಓದಿದಂತೆಲ್ಲ ಸ್ಪಷ್ಟವಾಗುತ್ತದೆ.

ಆ ತವಕದ ಶಿಖರ ಶ್ರೀತತ್ತ್ವನಿಧಿ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಆರಂಭವಾಗುವ ಒಂಬತ್ತು ಭಾಗಗಳ ಈ ಸಚಿತ್ರ ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳೂ ಅವುಗಳಿಗೆ ತಕ್ಕ ವರ್ಣಚಿತ್ರಗಳೂ ಇವೆ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಯಾವ ವಾಹನ, ಮೈಬಣ್ಣವೇನು ಎಂಬುದೆಲ್ಲ ಅಲ್ಲಿ ನಿಶ್ಚಿತ. ಕೊನೆಯ ಭಾಗದ ಹೆಸರು ಕೌತುಕನಿಧಿ. ಯೋಗಾಸನಗಳ ಚಿತ್ರಗಳು ಅದರಲ್ಲಿವೆ. ಒಟ್ಟು 122 ಆಸನಗಳ ಆ ಚಿತ್ರಮಾಲೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿದೇಶಿ ವಿದ್ವಾಂಸರ ಕಣ್ಣಿಗೆ ಬಿದ್ದು ಹೆಸರಾಯಿತು. ಅದೇ ಕೌತುಕನಿಧಿಯಲ್ಲಿ ಎಲೆಯಾಟಗಳೂ ಇವೆ. ಅವಕ್ಕೆ ಅಷ್ಟು ಹೆಸರು ಬರಲಿಲ್ಲ.

ಗಂಜೀಫ ಎಂಬ ಎಲೆಯಾಟ ಪರ್ಷಿಯಾದ ಕಡೆಯಿಂದ ಬಂದದ್ದು. ಬಾಬರ್ 1527ರಲ್ಲಿ ತನ್ನ ಮಿತ್ರನೊಬ್ಬನಿಗೆ ಗಂಜೀಫ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ದಿನಚರಿಯಲ್ಲಿ ದಾಖಲಾಗಿದೆ. ಅಕ್ಬರನ ಆಸ್ಥಾನದ ಎಲೆಗಳನ್ನು ಐನ್-ಎ-ಅಕ್ಬರಿ ವಿವರಿಸುತ್ತದೆ. ಇಸ್ಪೀಟಿನ ಎಲೆಗಳಂತೆ ಇವು ಆಯತವಲ್ಲ, ಹೆಚ್ಚಾಗಿ ದುಂಡು. ಬಟ್ಟೆ ಅಥವಾ ಕಾಗದದ ಪದರಗಳನ್ನು ಅಂಟಿಸಿ, ಗಟ್ಟಿಗೊಳಿಸಿ, ಮೇಲೆ ಬಣ್ಣ ಬರೆದು ಅರಗು ಬಳಿದು ಮಾಡುತ್ತಿದ್ದರು. ಸಿರಿವಂತರಿಗೆ ದಂತದ ಎಲೆಗಳೂ ಇದ್ದವು. ಹಿಂದೂ ಮನೆತನಗಳಲ್ಲಿ ಈ ಆಟ ದಶಾವತಾರದ ರೂಪ ತಾಳಿತು. ಹತ್ತು ಅವತಾರಗಳಿಗೆ ಹತ್ತು ಪಂಗಡ, ಪಂಗಡಕ್ಕೆ ಹನ್ನೆರಡು ಎಲೆ, ಒಟ್ಟು 120. ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳ ಮೇಲೆ ಅಷ್ಟೇ ಸಂಖ್ಯೆಯ ಗುರುತುಗಳು: ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ. ಇವುಗಳ ಮೇಲೆ ಮಂತ್ರಿ ಮತ್ತು ರಾಜ. ಹಗಲಿನಲ್ಲಿ ಆಡುವಾಗ ರಾಮನ ಎಲೆಯುಳ್ಳವನು ಆಟ ತೆರೆಯಬೇಕು, ರಾತ್ರಿಯಾದರೆ ಕೃಷ್ಣನ ಎಲೆಯುಳ್ಳವನು.

ಈ ಆಟದ ಹುರುಳಿರುವುದು ನೆನಪಿನಲ್ಲಿ. ಮೂವರು ಆಡಿದರೆ ತಲೆಗೆ ನಲವತ್ತು ಎಲೆ. ದಶಾವತಾರ ಗಂಜೀಫದಲ್ಲಿ ತುರುಫು ಇಲ್ಲ. ಇಳಿಸಿದ ಎಲೆ ಆ ಪಂಗಡದಲ್ಲಿ ಇನ್ನೂ ಆಡದೆ ಉಳಿದವುಗಳಲ್ಲಿ ಅತಿ ದೊಡ್ಡದಾಗಿದ್ದರೆ ಪಟ್ಟು ನಿಶ್ಚಯವಾಗಿ ಅದರ ಒಡೆಯನದು. ರಾಜನೆಲೆ ಹೋಯಿತೆ, ಮಂತ್ರಿ ಯಾರ ಕೈಯಲ್ಲಿದ್ದಾನೆ, ಅವನೂ ಹೋಗಿದ್ದರೆ ಮುಂದಿನ ಹಿರಿಯ ಎಲೆ ಯಾವುದು ಎಂಬುದನ್ನು ಹತ್ತೂ ಪಂಗಡಗಳಿಗೆ ಒಮ್ಮೆಲೇ ಲೆಕ್ಕವಿಡಬೇಕು. ಸಾಲದ್ದಕ್ಕೆ ಐದು ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಅದು ತಲೆಕೆಳಗು, ಒಂದು ದೊಡ್ಡದು, ಹತ್ತು ಚಿಕ್ಕದು. ಗಮನ ಅರೆಕ್ಷಣ ಜಾರಿದರೂ ಕೈಯಲ್ಲಿರುವ ಗೆಲ್ಲುವ ಎಲೆಯ ಗುರುತೇ ಸಿಗುವುದಿಲ್ಲ. ಬೋರಲು ಚೀಟಿಗಳ ಆಟದಲ್ಲಿ ಎಲ್ಲಿದೆ ಎಂಬುದನ್ನು ನೆನಪಿಡಬೇಕು. ಇಲ್ಲಿ ಏನು ಹೋಯಿತು, ಏನು ಉಳಿಯಿತು ಎಂಬುದನ್ನು ಪ್ರತಿ ಪಟ್ಟಿಗೂ ಹೊಸದಾಗಿ ತಿದ್ದಿಕೊಳ್ಳಬೇಕು.

ಕೃಷ್ಣರಾಜರಿಗೆ ಇಷ್ಟೂ ಸಾಲದೆ ಹೋಯಿತು. ಕೌತುಕನಿಧಿಯಲ್ಲಿ ಹದಿಮೂರು ಹೊಸ ಆಟಗಳ ವಿವರಗಳಿವೆ. ಇವಕ್ಕೆ ಛದವೆಂದು ಹೆಸರು. ಸಂಸ್ಕೃತದಲ್ಲಿ ಛದವೆಂದರೆ ಎಲೆ. ಚಾಮುಂಡೇಶ್ವರಿ ಛದ, ನವಗ್ರಹ ಛದ, ದಿಕ್ಪಾಲ ಛದ, ಪಂಚಪಾಂಡವ ಛದ ಮೊದಲಾಗಿ ಅವುಗಳ ಹೆಸರುಗಳೇ ವಸ್ತುವನ್ನು ಹೇಳುತ್ತವೆ. ಕೆಲವು ಆಟಗಳಲ್ಲಿ ಪಂಗಡಗಳ ಸಂಖ್ಯೆ ಹದಿನೆಂಟಕ್ಕೆ ಏರಿದೆ. ಎಣಿಕೆಯ ಎಲೆಗಳು ಹತ್ತು ಅಥವಾ ಹನ್ನೆರಡು. ರಾಜ ಮತ್ತು ಮಂತ್ರಿಯ ಜಾಗದಲ್ಲಿ ಆರರವರೆಗೆ ಆಸ್ಥಾನದ ಎಲೆಗಳು. ಶಾಶ್ವತ ತುರುಫುಗಳು ಬೇರೆ, ಯಾವ ಎಲೆಯ ಬದಲಿಗಾದರೂ ನಿಲ್ಲಬಲ್ಲ ಎಲೆಗಳು ಬೇರೆ.

ಎಲೆಗಳನ್ನು ಸುಮ್ಮನೆ ಹೆಚ್ಚಿಸಿದ್ದರೆ ಇದು ಅರಸನೊಬ್ಬನ ಹುಚ್ಚಾಟವಾಗಿ ಮುಗಿಯುತ್ತಿತ್ತು. ಅವರು ಕಂಡುಕೊಂಡ ಉಪಾಯ ಬೇರೆ. ಹದಿನೆಂಟು ಪಂಗಡಗಳನ್ನು ನೆನಪಿಡುವುದು ಯಾರಿಗೂ ಕಷ್ಟ. ಆದರೆ ನವಗ್ರಹಗಳ ಕ್ರಮ, ಎಂಟು ದಿಕ್ಪಾಲಕರ ದಿಕ್ಕು, ಐವರು ಪಾಂಡವರ ಹಿರಿತನ ಬಾಲ್ಯದಿಂದಲೇ ಬಾಯಿಪಾಠವಾಗಿರುವವನಿಗೆ ಪಂಗಡಗಳ ಕ್ರಮವನ್ನು ಹೊಸದಾಗಿ ಕಲಿಯಬೇಕಿಲ್ಲ. ಶ್ರೀತತ್ತ್ವನಿಧಿಯ ಮೊದಲ ಭಾಗಗಳಲ್ಲಿ ಚಿತ್ರಗಳಾಗಿ ನಿಂತ ದೇವತೆಗಳೇ ಕೊನೆಯ ಭಾಗದಲ್ಲಿ ಎಲೆಗಳಾಗಿ ಅಂಗೈಗೆ ಬರುತ್ತಾರೆ. ವಾಹನವನ್ನೋ ಆಯುಧವನ್ನೋ ಮೈಬಣ್ಣವನ್ನೋ ನೋಡಿ ಎಲೆಯನ್ನು ಗುರುತಿಸಬೇಕು. ಧ್ಯಾನಶ್ಲೋಕ ಗೊತ್ತಿದ್ದವನು ಬೇಗ ಆಡುತ್ತಾನೆ, ಆಡುತ್ತ ಆಡುತ್ತ ಶ್ಲೋಕ ಗಟ್ಟಿಯಾಗುತ್ತದೆ. ಆಟ ಪಾಠವನ್ನು ಹೊತ್ತಿದೆ, ಪಾಠ ಆಟವನ್ನು ಹೊತ್ತಿದೆ.

ಗುರುತಿನ ಮೂಲಕ ನೆನಪನ್ನು ಕಟ್ಟುವ ಈ ಉಪಾಯ ಕನ್ನಡಿಗರಿಗೆ ಹೊಸದೇನಲ್ಲ. ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮದ ದೇವರ ಹೆಸರು ಹನ್ನೆರಡನೆಯ ಶತಮಾನದಿಂದ ಇಂಥದೇ ಒಂದು ಕೆಲಸ ಮಾಡುತ್ತ ಬಂದಿದೆ. ಸಾವಿರಾರು ವಚನಗಳ ರಾಶಿಯಲ್ಲಿ ಕೂಡಲಸಂಗಮದೇವನ ಅಂಕಿತ ಕಂಡೊಡನೆ ಅದು ಬಸವಣ್ಣನವರದೆಂದು ತಿಳಿಯುತ್ತದೆ. ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ರಾಮನಾಥನೆಂದರೆ ಜೇಡರ ದಾಸಿಮಯ್ಯ. ಓಲೆಗರಿಗಳು ಚದುರಿದರೂ ಯಾರ ಮಾತು ಯಾರದೆಂಬುದು ಕಲಸಿಹೋಗದಂತೆ ಕಾದದ್ದು ಬಹುಮಟ್ಟಿಗೆ ಆ ಒಂದು ಗುರುತು. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಆ ಸೀಮೆ ಕೃಷ್ಣರಾಜರ ಕಾಲಕ್ಕೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಅರಮನೆಯ ಎಲೆಗಳು ಅಲ್ಲಿಗೆ ತಲುಪಿರಲಾರವು. ಜನಸಾಮಾನ್ಯರಿಗೆ ಎಲ್ಲೆಡೆಯೂ ಇದ್ದುದು ಕವಡೆಯ ಚೌಕಾಬಾರ, ಕಲ್ಲಿನ ಹುಲಿ-ಕುರಿ. ನಾಡಿನ ಎಷ್ಟೋ ಹಳೆಯ ದೇಗುಲಗಳ ಕಲ್ಲುಹಾಸಿನ ಮೇಲೆ ಅವುಗಳ ಗೆರೆಗಳು ಇಂದಿಗೂ ಕಾಣುತ್ತವೆ.

ಎಲೆಯಷ್ಟೇ ಪ್ರೀತಿ ಅರಸರಿಗೆ ಚದುರಂಗದ ಮೇಲೂ ಇತ್ತು. ಕುದುರೆಯನ್ನು ಒಂದು ಮನೆಗೆ ಒಂದೇ ಸಲ ಇಳಿಸುತ್ತ ಅರವತ್ತನಾಲ್ಕೂ ಮನೆಗಳನ್ನು ಸುತ್ತಿಸುವ ತುರಗಗತಿ ಭಾರತದ ಹಳೆಯ ಸಮಸ್ಯೆ. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿ ಅದರ ಮೇಲೆ ಕಟ್ಟಿದ ಪದ್ಯವಿದೆ. ವೇದಾಂತ ದೇಶಿಕರ ಪಾದುಕಾಸಹಸ್ರದಲ್ಲಿಯೂ ಇದೆ. ಕೃಷ್ಣರಾಜರು ಅನೇಕ ಹೊಸ ಸುತ್ತುಗಳನ್ನು ರಚಿಸಿದರು. ಮನೆಗೊಂದು ಅಕ್ಷರವಿಟ್ಟು, ಕುದುರೆಯ ಹೆಜ್ಜೆ ಹಿಡಿದು ಓದಿದರೆ ಶ್ಲೋಕವಾಗುವಂತೆ ಜೋಡಿಸುವುದು ಆ ಪರಂಪರೆಯ ಸೊಗಸು. ಮನೆಗಳಿಗೆ ಹೆಜ್ಜೆಯ ಸಂಖ್ಯೆ ಕೊಟ್ಟಾಗ ಸಾಲುಗಳ ಮೊತ್ತ ಸಮನಾಗುವಂಥ ಅವರ ಸುತ್ತೊಂದು ಪಾಶ್ಚಾತ್ಯ ಚದುರಂಗ ಇತಿಹಾಸಕಾರರ ಗಮನವನ್ನೂ ಸೆಳೆದಿದೆ. ಇಲ್ಲಿಯೂ ಅದೇ ಉಪಾಯ ಕಾಣುತ್ತದೆ. ಅರವತ್ತನಾಲ್ಕು ಹೆಜ್ಜೆಗಳನ್ನು ಬಿಡಿಬಿಡಿಯಾಗಿ ನೆನಪಿಡಲಾಗದು, ಆದರೆ ಒಂದು ಶ್ಲೋಕವನ್ನು ನೆನಪಿಡುವುದು ಸುಲಭ.

ಇದರ ಹಿಂದಿನ ಮನಸ್ಸಿನ ವ್ಯಾಪಾರವನ್ನು ವಿಜ್ಞಾನ ಪರೀಕ್ಷಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಮ್ಮೆಗೆ ಮನಸ್ಸು ಹಿಡಿದಿಡಬಲ್ಲದ್ದು ಸುಮಾರು ಏಳು ಅಂಶಗಳನ್ನು ಎಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದರು. ನಂತರದ ಸಂಶೋಧಕರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟನ್ನು ಆ ಹೊತ್ತಿಗೆ ಹಿಡಿದಿಟ್ಟು ತಿದ್ದುವ ಈ ಶಕ್ತಿಯನ್ನು ಕಾರ್ಯಸ್ಮೃತಿ ಎನ್ನಬಹುದು. ಅದರ ರಚನೆಯನ್ನು 1974ರಲ್ಲಿ ವಿವರಿಸಿದವರು ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್. ಚದುರಂಗದ ನಿಪುಣರನ್ನು ಪರೀಕ್ಷಿಸಿದ ಚೇಸ್ ಮತ್ತು ಸೈಮನ್ 1973ರಲ್ಲಿ ಕಂಡ ಸಂಗತಿ ಮೈಸೂರಿನ ಎಲೆಗಳಿಗೆ ಇನ್ನೂ ಹತ್ತಿರದ್ದು. ನಿಜವಾದ ಆಟದ ಕಾಯಿಗಳ ನೆಲೆಯನ್ನು ಕೆಲವೇ ಕ್ಷಣ ತೋರಿಸಿದರೂ ನಿಪುಣರು ಬಹುಪಾಲು ಒಪ್ಪಿಸಿದರು. ಅದೇ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಿಟ್ಟಾಗ ಅವರ ನೆನಪಿನ ಮೇಲುಗೈ ಹೆಚ್ಚೂಕಡಿಮೆ ಅಳಿಸಿಹೋಯಿತು. ಮನಸ್ಸಿನ ಜಾಗ ಹಿಗ್ಗಿರಲಿಲ್ಲ, ಅರ್ಥದ ಗಂಟು ಕಟ್ಟಿ ಅದೇ ಜಾಗದಲ್ಲಿ ಹೆಚ್ಚು ತುಂಬಿಕೊಳ್ಳುವುದನ್ನು ಅವರು ಕಲಿತಿದ್ದರು.

ಆದ್ದರಿಂದ ನೆನಪಿನ ಆಟಗಳ ಮಾರಾಟಗಾರರ ಮಾತನ್ನು ತೂಗಿ ನೋಡಬೇಕಾಗುತ್ತದೆ. ಒಂದು ಆಟವನ್ನು ಆಡುತ್ತ ಹೋದರೆ ಆ ಆಟದಲ್ಲಿಯೂ ಅದನ್ನು ಹೋಲುವ ಕೆಲಸಗಳಲ್ಲಿಯೂ ಚುರುಕು ಬರುತ್ತದೆ. ಆದರೆ ಅದರಿಂದ ಲೆಕ್ಕ, ಓದು, ಬುದ್ಧಿ ಎಲ್ಲವೂ ಬೆಳೆಯುತ್ತದೆ ಎನ್ನುವುದಕ್ಕೆ ದೊರೆತಿರುವ ಆಧಾರ ದುರ್ಬಲ. ಇಂಥ ಉತ್ಪ್ರೇಕ್ಷೆಯ ಪ್ರಚಾರಕ್ಕಾಗಿ ಲುಮೊಸಿಟಿ ಎಂಬ ಆಟಗಳ ಕಂಪನಿ 2016ರಲ್ಲಿ ಅಮೆರಿಕದ ವಾಣಿಜ್ಯ ಆಯೋಗಕ್ಕೆ ಇಪ್ಪತ್ತು ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಕೃಷ್ಣರಾಜರ ಛದಗಳನ್ನು ಆಡಿದವನ ಬುದ್ಧಿ ಬೆಳೆಯಿತೋ ಇಲ್ಲವೋ, ನವಗ್ರಹಗಳ ರೂಪಲಕ್ಷಣವಂತೂ ಅವನಿಗೆ ಬಂದಿರುತ್ತಿತ್ತು.

ರಾಜ್ಯ ಕಳೆದುಕೊಂಡವನು ಎಲೆಯಾಡುತ್ತ ಕುಳಿತನೆಂದು ಹಗುರಾಗಿ ನೋಡುವವರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ. ಆ ನೋಟ ಒಪ್ಪುವಂಥದ್ದಲ್ಲ. ಆಟಗಳನ್ನು ಕಟ್ಟುತ್ತಿದ್ದ ಅದೇ ಕೈ ರಾಜ್ಯವನ್ನು ಮರಳಿಸಬೇಕೆಂಬ ಮನವಿಗಳನ್ನೂ ಬಿಡದೆ ಕಳುಹಿಸುತ್ತಿತ್ತು. ಗವರ್ನರ್ ಜನರಲ್‌ಗಳು ಬಂದರು, ಹೋದರು. 1858ರಲ್ಲಿ ಕಂಪನಿಯ ಆಳ್ವಿಕೆಯೇ ಮುಗಿದು ರಾಣಿಯ ಆಳ್ವಿಕೆ ಬಂದಿತು. 1861ರಲ್ಲಿ ಕಬ್ಬನ್ ಹೊರಟ, ಮರುವರ್ಷ ಬೌರಿಂಗ್ ಬಂದ. ಮನವಿಗಳು ಮಾತ್ರ ನಿಲ್ಲಲಿಲ್ಲ. ಪಟ್ಟಕ್ಕೆ ಔರಸಪುತ್ರನಿಲ್ಲದೆ ಅರಸ ತೀರಿಕೊಂಡರೆ ಮೈಸೂರು ನೇರವಾಗಿ ಬ್ರಿಟಿಷರ ವಶವಾಗುವ ಭಯ ನಿಜವಾದದ್ದು. 1865ರ ಜೂನಿನಲ್ಲಿ, ಎಪ್ಪತ್ತು ದಾಟಿದ ಅರಸರು ಇನ್ನೂ ಮೂರು ತುಂಬದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಸರ್ಕಾರ ಮೊದಲು ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಚರ್ಚೆಗಳು ನಡೆದು, 1867ರಲ್ಲಿ ದತ್ತಕಕ್ಕೆ ಮನ್ನಣೆ ಸಿಕ್ಕಿತು. ಯಾವ ಎಲೆ ಹೋಗಿದೆ, ಯಾವುದು ಉಳಿದಿದೆ ಎಂಬ ಲೆಕ್ಕವನ್ನು ಮೂರು ದಶಕಗಳಾದರೂ ಅವರು ತಪ್ಪಿರಲಿಲ್ಲ.

1868ರ ಮಾರ್ಚ್ 27ರಂದು ಕೃಷ್ಣರಾಜರು ತೀರಿಕೊಂಡರು. ಆಗ ವಯಸ್ಸು ಎಪ್ಪತ್ಮೂರು. ಅದೇ ವರ್ಷ ಬಾಲಕ ಚಾಮರಾಜೇಂದ್ರರಿಗೆ ಪಟ್ಟವಾಯಿತು. ಆಡಳಿತ ಒಡೆಯರ ಕೈಗೆ ಮರಳಿದ್ದು 1881ರ ಮಾರ್ಚ್ 25ರಂದು, ಅದನ್ನು ಕಾಯುತ್ತ ಕುಳಿತಿದ್ದ ಅರಸರು ಹೋಗಿ ಹದಿಮೂರು ವರ್ಷಗಳಾದ ಮೇಲೆ.

ಛದಗಳ ಗತಿ ಅಷ್ಟು ಒಳ್ಳೆಯದಾಗಲಿಲ್ಲ. ಅವು ಅರಮನೆಯ ಹೊರಗೆ ಹಬ್ಬಲೇ ಇಲ್ಲ. ಮುನ್ನೂರು ಎಲೆಗಳನ್ನು ಬರೆಸುವ ಖರ್ಚು, ಅಷ್ಟನ್ನು ಆಡುವ ಬಿಡುವು, ಅಷ್ಟು ದೇವತೆಗಳ ಪರಿಚಯ ಬೇರೆ ಯಾರಿಗಿತ್ತು? ಅಚ್ಚಿನ ಇಸ್ಪೀಟು ಐವತ್ತೆರಡೇ ಎಲೆಗಳಲ್ಲಿ, ಕೆಲವೇ ಕಾಸಿಗೆ ಮನೆಮನೆಗೆ ಬಂದಾಗ ಗಂಜೀಫವೇ ಮೂಲೆ ಸೇರಿತು. ಹಳೆಯ ಎಲೆಗಳು ಸಂಗ್ರಾಹಕರ ಕೈ ಸೇರಿ ದೇಶವಿದೇಶಗಳಿಗೆ ಚದುರಿದವು. ಇಪ್ಪತ್ತನೆಯ ಶತಮಾನದಲ್ಲಿ ರುಡಾಲ್ಫ್ ಫಾನ್ ಲೇಡನ್ ಎಂಬ ವಿದ್ವಾಂಸ ಅವುಗಳನ್ನು ಹುಡುಕಿ ಅಭ್ಯಸಿಸಿದ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಶ್ರೀತತ್ತ್ವನಿಧಿಯ ಭಾಗಗಳನ್ನು ಪ್ರಕಟಿಸಿತು. ಕಲಾವಿದ ರಘುಪತಿ ಭಟ್ಟರು ಗಂಜೀಫ ಚಿತ್ರಕಲೆಗೆ ಮತ್ತೆ ಜೀವ ತಂದರು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮನೆಯಾಟಗಳ ಪ್ರದರ್ಶನಗಳನ್ನು ನಡೆಸಿತು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇಂದು ಮೈಸೂರು ಶೈಲಿಯಲ್ಲಿ ಬರೆಯುವ ದುಂಡನೆಯ ಎಲೆಗಳನ್ನು ಕೊಂಡವರು ಹೆಚ್ಚಾಗಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.